ಗಾಡಿ ಬಾರದವಳು ಬೇಕಾಗಿದ್ದಾಳೆ

ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ನನ್ನ ವಯಸ್ಸಿನ ಹೆಂಗಸರಿಗೆ ಹೊಸ ವಿದ್ಯೆಯೇನಲ್ಲ. ನಾನು ಮದುವೆಯಾಗಿ ಬರುವ ಹೊತ್ತಿಗೆ ತವರಿನಲ್ಲಿ ತುಂಬಿದ ಪಂಕ್ತಿಗೆ ಸಾರು ಮಾಡಿ ಬಡಿಸಿದ್ದವಳು. ಆದರೂ ನಮ್ಮತ್ತೆ ಮೊದಲ ದಿನ ಒಲೆಯ ಮುಂದೆ ನಿಲ್ಲಿಸಿಕೊಂಡು, "ಸಾರು ಮಾಡೋಕೆ ಬರುತ್ತೇನಮ್ಮ?" ಎಂದು ಕೇಳಿದಾಗ, "ಇಲ್ಲ ಅತ್ತೆ, ನೀವೇ ಹೇಳ್ಕೊಡಿ" ಎಂದೆ. ಬೇಳೆ ತೊಳೆಯುವುದರಿಂದ ಹಿಡಿದು ಒಗ್ಗರಣೆಯವರೆಗೆ ಎಲ್ಲವನ್ನೂ ಹೊಸದಾಗಿ ಕಲಿತೆ. ಅವರು ಹೇಳಿದಷ್ಟೇ ಉಪ್ಪು ಹಾಕಿದೆ. ಕಡಿಮೆಯಾಯಿತು ಎಂದು ಕೈಗೆ ತಿಳಿಯುತ್ತಿದ್ದರೂ ಬಾಯಿಗೆ ತಿಳಿಯದಂತೆ ನೋಡಿಕೊಂಡೆ. ಅತ್ತೆ ಕೊನೆಯವರೆಗೂ ಬಂದವರಿಗೆಲ್ಲ, "ನಮ್ಮ ಸೊಸೆಗೆ ಅಡುಗೆ ಕಲಿಸಿದ್ದೇ ನಾನು" ಎಂದು ಹೇಳಿಕೊಂಡು ಸಂತೋಷವಾಗಿದ್ದರು. ಇದರಲ್ಲಿ ಸುಳ್ಳೇನಿದೆ ಎಂದು ನನ್ನ ಲೆಕ್ಕ. ಹೇಗೂ ಪ್ರತಿ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, "ನನಗೆ ಏನೂ ಬರುವುದಿಲ್ಲ ತಂದೆ, ನೀನೇ ನಡೆಸು" ಎನ್ನುವವಳು. ದೇವರಿಗೆ ಹೇಳಿದ್ದನ್ನೇ ಅತ್ತೆಗೂ ಹೇಳಿದ್ದೆ, ಅಷ್ಟೆ. ಆದರೆ ಈ ವಿದ್ಯೆ ಮುಂದೊಂದು ದಿನ ಪೀಣ್ಯದ ಮೈದಾನದಲ್ಲಿ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಮೋಟರ್ ಸೈಕಲ್ಲಿನ ಮೇಲೆ ಕೂತಿದ್ದಾಗ ಕೈಕೊಡುತ್ತದೆ ಎಂದು ಯಾರು ಕಂಡಿದ್ದರು?

ಮೋಟರ್ ಸೈಕಲ್ಲು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ನಮ್ಮ ಮನೆಯವರ ವಿಷಯ ಹೇಳಬೇಕು. ಅವರು ಸರ್ಕಾರಿ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿದ್ದು ನಿವೃತ್ತರಾದವರು. ನೌಕರಿಯ ಉದ್ದಕ್ಕೂ ಕಾರ್ಖಾನೆಯ ಬಸ್ಸಿನಲ್ಲೇ ಹೋಗಿ ಬಂದವರು. ಬಾಗಲಗುಂಟೆಯ ನಮ್ಮ ಮನೆಯ ತಿರುವಿನಲ್ಲಿ ಬಸ್ಸು ಹಾರನ್ ಹೊಡೆದರೆ ತಟ್ಟೆಯ ದೋಸೆ ತಟ್ಟೆಯಲ್ಲೇ ಉಳಿಯುತ್ತಿತ್ತು. ನಿವೃತ್ತಿಯಾದ ಮೇಲೆ ಅವರ ಸುರಕ್ಷತೆಯೆಲ್ಲ ಮನೆಯೊಳಗೆ ಬಂದು ಕೂತಿತು. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಅಂಟಿಸಿದರು. ನಾನು ಬಿಸಿ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಬರುವಾಗ ಹಜಾರದಲ್ಲಿ ಯಾರೂ ಓಡಾಡಬಾರದು ಎಂದು ನಿಯಮ ಮಾಡಿದರು. ಮನೆಯಲ್ಲಿ ಇರುವವರು ನಾವಿಬ್ಬರೇ, ಓಡಾಡುವವರು ಅವರೊಬ್ಬರೇ. ದೇವರ ದೀಪದ ಪಕ್ಕ ಮರಳಿನ ಬಕೆಟ್ಟು ತಂದಿಟ್ಟ ದಿನ ನಾನು ಮನಸ್ಸಿಟ್ಟು ಬೇಡಿಕೊಂಡೆ: ಇವರಿಗೆ ಹೊರಗೆ ಏನಾದರೂ ಕೆಲಸ ಕೊಡಪ್ಪ.

ದೇವರು ಬೇಗನೆ ಕೇಳಿಸಿಕೊಂಡ. ಹಳೆಯ ಪರಿಚಯದವರೊಬ್ಬರ ಮೂಲಕ ರಾಜ್ಯದ ದ್ವಿಚಕ್ರ ವಾಹನ ಸುರಕ್ಷತಾ ತರಬೇತಿ ಕಾರ್ಯಕ್ರಮವನ್ನು ನಡೆಸುವ ಹೊಣೆ ಇವರಿಗೆ ಬಂತು. ರಾಜ್ಯ ಮಟ್ಟ ಎಂದರೆ ನಾನು ದೊಡ್ಡ ಕಟ್ಟಡ, ಲಿಫ್ಟು ಎಂದೆಲ್ಲ ಅಂದುಕೊಂಡೆ. ಹೋಗಿ ನೋಡಿದರೆ ಪೀಣ್ಯದಲ್ಲಿ ಮುಚ್ಚಿದ ಫ್ಯಾಕ್ಟರಿಯೊಂದರ ಹಿಂದಿನ ಖಾಲಿ ಜಾಗ, ಒಂದು ತಗಡಿನ ಶೆಡ್ಡು, ಅದರಲ್ಲಿ ಒಂದು ಮೇಜು. ಹೊರಗೆ ಕೆಲವು ಮೋಟರ್ ಸೈಕಲ್ಲು, ಸಾಲಾಗಿ ನಿಲ್ಲಿಸಿದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗೂಟಗಳು. ಇವರು ಕೊರಳಿಗೆ ಸೀಟಿ ಹಾಕಿಕೊಂಡು, ಗೂಟದಿಂದ ಗೂಟಕ್ಕೆ ಟೇಪು ಹಿಡಿದು ಅಳೆಯುತ್ತಿದ್ದರು. ಅವರನ್ನು ಅಷ್ಟು ಸಂತೋಷದಲ್ಲಿ ನೋಡಿ ಬಹಳ ದಿನವಾಗಿತ್ತು. ದಿನಾ ಮನೆಯಿಂದ ಮೈದಾನಕ್ಕೆ ನಡೆದೇ ಹೋಗುತ್ತಿದ್ದರು. ಈ ವಯಸ್ಸಿನಲ್ಲೂ ಎಂಥ ಶಿಸ್ತು ಎಂದು ಬೀದಿಯವರೆಲ್ಲ ಮೆಚ್ಚಿಕೊಂಡರು.

ಕಾರ್ಯಕ್ರಮದಲ್ಲಿ ಕೆಲಸ ಎರಡು. ಒಂದು, ಕಾರ್ಖಾನೆಗಳ ಜನಕ್ಕೆ ಬೀಳದೆ ಗಾಡಿ ಓಡಿಸುವುದನ್ನು ಹೇಳಿಕೊಡುವುದು. ಇನ್ನೊಂದು, ಹಾಗೆ ಹೇಳಿಕೊಡುವ ಬೋಧಕರನ್ನು ತಯಾರು ಮಾಡಿ, ಪರೀಕ್ಷೆ ಮಾಡಿಸಿ, ಅರ್ಹರೆಂದು ಪತ್ರ ಕೊಡಿಸುವುದು. ಕಷ್ಟವಿದ್ದದ್ದು ಈ ಎರಡನೆಯದರಲ್ಲಿ. ಪರೀಕ್ಷಕರು ಹೊರ ಊರಿನಿಂದ ಬರುತ್ತಾರೆ. ಅವರ ಎದುರಿಗೆ ಬೋಧಕನಾಗಬೇಕಾದವನು ಗಾಡಿ ಬಾರದ ಒಬ್ಬರ ಕೈಯಲ್ಲಿ ಮೈದಾನದ ಆ ತುದಿಯವರೆಗೆ ಗಾಡಿ ಓಡಿಸಿ ನಿಲ್ಲಿಸಬೇಕು. ಅದೂ ಬರೀ ಬಾಯಿ ಮಾತಿನಲ್ಲಿ. ಗಾಡಿಯನ್ನಾಗಲಿ ಕಲಿಯುವವರನ್ನಾಗಲಿ ಮುಟ್ಟಿದರೆ ಫೇಲು. "ನಾಳೆ ರೋಡಲ್ಲಿ ಇವರೇನು ಹಿಂದೆ ಹಿಡ್ಕೊಂಡು ಓಡ್ತಾರಾ?" ಎಂದು ನಮ್ಮ ಮನೆಯವರ ವಾದ.

ಸರಿ, ಆದರೆ ಗಾಡಿ ಬಾರದವರು ಎಲ್ಲಿ ಸಿಗಬೇಕು? ಪೀಣ್ಯದಲ್ಲಿ ಹಾಲು ತರಲೂ ಬೈಕು, ಹಾಲಿನಂಗಡಿ ಮುಚ್ಚಿದೆಯೇ ಎಂದು ನೋಡಿ ಬರಲೂ ಬೈಕು. ಮೊದಲ ಪರೀಕ್ಷೆಯ ದಿನ ಇವರು ಒಪ್ಪಿಸಿದ್ದ ಮನುಷ್ಯ ಮೈದಾನಕ್ಕೆ ಬಂದದ್ದೇ ಬುಲೆಟ್ಟಿನ ಮೇಲೆ. "ಬರಲ್ಲ ಅಂದ್ರೆ ಪರ್ಫೆಕ್ಟಾಗಿ ಬರಲ್ಲ ಅಂತ ಸಾರ್" ಎಂದನಂತೆ. ಅದೇ ಹೊತ್ತಿಗೆ ನಾನು ಇವರ ಮಧ್ಯಾಹ್ನದ ಪುಳಿಯೋಗರೆ ಡಬ್ಬಿ ಹಿಡಿದು ಗೇಟಿನೊಳಗೆ ಕಾಲಿಟ್ಟೆ. ಇವರು ನನ್ನನ್ನು ನೋಡಿದ ನೋಟ ಹೇಗಿತ್ತು ಎಂದರೆ, ಹೆಣ್ಣು ನೋಡಲು ಬಂದ ದಿನ ಕೂಡ ಹಾಗೆ ನೋಡಿರಲಿಲ್ಲ.

"ನಿನಗೆ ಸೈಕಲ್ಲಾದ್ರೂ ಬರುತ್ತಾ?"

"ಇಲ್ಲಾರೀ."

"ದೇವ್ರು ದೊಡ್ಡವನು" ಎಂದರು. ದೇವರ ವಿಷಯ ನನಗೇ ಬಿಟ್ಟಿದ್ದ ಮನುಷ್ಯ, ಅಂದು ಮೊದಲ ಸಲ ತಾವಾಗಿ ನೆನೆದರು.

ಅಂದಿನಿಂದ ಆ ಹುದ್ದೆ ನನಗೆ ಕಾಯಂ ಆಯಿತು. ಸೀರೆ ಬಿಟ್ಟು ಚೂಡಿದಾರ ಹಾಕಿದೆ. ಮೊಣಕಾಲಿಗೆ, ಮೊಣಕೈಗೆ ಕವಚ ಕಟ್ಟಿದರು. ಹೆಲ್ಮೆಟ್ಟು ಏರಿಸಿದಾಗಲೆಲ್ಲ ಹಣೆಯ ಕುಂಕುಮ ಅಳಿಸಿಹೋಗುತ್ತಿತ್ತು. ಚಿಕ್ಕ ಡಬ್ಬಿ ಜೊತೆಗಿಟ್ಟುಕೊಂಡು ಮತ್ತೆ ಇಟ್ಟುಕೊಳ್ಳುತ್ತಿದ್ದೆ. ಕಲಿಸಲು ಬಂದವರು ಒಬ್ಬೊಬ್ಬರೂ ಒಂದೊಂದು ಥರ. ದೊಡ್ಡನೆಕ್ಕುಂದಿಯಿಂದ ಬಂದ ಊಟ ತಲುಪಿಸುವ ಹುಡುಗ, "ಮೇಡಂ, ಏನೂ ಇಲ್ಲ, ಜಸ್ಟ್ ಗಾಡೀನ ಫೀಲ್ ಮಾಡಿ" ಎಂದ. ಫೀಲ್ ಮಾಡಿದೆ, ಗಾಡಿ ಬೇಲಿಗೆ ಹೋಯಿತು. ಗ್ಯಾರೇಜಿನವರೊಬ್ಬರು ಪಿಸ್ಟನ್ ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತಲೇ ಇದ್ದರು. ಹೇಳಿ ಮುಗಿಸುವ ಹೊತ್ತಿಗೆ ಪರೀಕ್ಷೆಯ ವೇಳೆಯೂ ಮುಗಿದಿತ್ತು, ನಾನು ಗಾಡಿ ಹತ್ತಿಯೇ ಇರಲಿಲ್ಲ. ದೇವರ ದಯೆ. ಜಿಮ್ಮಿನ ಹುಡುಗನೊಬ್ಬ "ಹೆದರ್ಬೇಡಿ ಆಂಟಿ" ಎಂದು ಎಷ್ಟು ಸಲ ಹೇಳಿದನೆಂದರೆ, ಅಲ್ಲಿಯವರೆಗೆ ಇಲ್ಲದಿದ್ದ ಹೆದರಿಕೆ ಬಂದು ಕೂತಿತು. ಬಿದ್ದೆ. ಚರ್ಮ ತರಚಿತು, ಮೂಳೆ ಉಳಿಯಿತು. ಅದೂ ದೇವರ ದಯೆಯೇ. ಚೆನ್ನಾಗಿ ಹೇಳಿಕೊಟ್ಟವರೂ ಇದ್ದರು, ಅವರ ಕೈಯಲ್ಲಿ ಚೆನ್ನಾಗಿ ಹೋಗಿ ನಿಂತೆ. ನಾನು ಮಾಡಿದ್ದು ಇಷ್ಟೇ. ಅವರು ಎಷ್ಟು ಹೇಳಿದರೋ ಅಷ್ಟೇ, ಅತ್ತೆ ಹೇಳಿದ ಉಪ್ಪಿನ ಹಾಗೆ. ಸರಿಯಾಗಿ ಹೇಳಿದವನು ಪಾಸು, ಇಲ್ಲದವನು ಬೇಲಿ.

ಇವರಿಗೆ ನನ್ನ ಮೇಲೆ ಅಪಾರ ಹೆಮ್ಮೆ. ಸಂಜೆ ಕಾಫಿ ಕುಡಿಯುತ್ತಾ ಪರೀಕ್ಷೆ ಮಾಡುತ್ತಿದ್ದರು.

"ಕ್ಲಚ್ಚು ಯಾವ ಕೈಲಿರುತ್ತೆ ಹೇಳು?"

"ನೀವು ಹೇಳಿದ್ರೆ ಗೊತ್ತಾಗುತ್ತೆ."

"ನೋಡು, ಇದೇ ಬೇಕಾಗಿರೋದು. ಇಷ್ಟು ಸಲ ಕೂತರೂ ಒಂದು ಅಕ್ಷರ ತಲೆಗೆ ಹತ್ತಿಲ್ಲ. ನಿನ್ನಂಥವಳು ಇಡೀ ರಾಜ್ಯದಲ್ಲಿ ಸಿಗಲ್ಲ ಕಣೆ" ಎನ್ನುತ್ತಿದ್ದರು. ಮದುವೆಯಾದ ಮೇಲೆ ಇವರ ಬಾಯಿಂದ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಇದು. ಅದನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಕ್ಲಚ್ಚು ಎಡಗೈಯಲ್ಲಿರುತ್ತದೆ ಎಂದು ನನ್ನ ಎಡಗೈಗೆ ಗೊತ್ತಿತ್ತು. ರೊಟ್ಟಿ ತಟ್ಟುವಾಗಲೂ ಅದು ಒಂದೊಂದು ಸಲ ತಾನಾಗಿ ಮಡಿಸಿಕೊಳ್ಳುತ್ತಿತ್ತು.

ಹೀಗಿರುವಾಗ ಮಂಜುಳ ಬಂದಳು. ನಮ್ಮ ಹಿಂದಿನ ಬೀದಿಯಲ್ಲೇ ಬಾಡಿಗೆಗಿರುವವಳು, ಶುಕ್ರವಾರ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬರುವವಳು. ಶಿರಾ ಕಡೆಯ ಹುಡುಗಿ. ಪೀಣ್ಯದ ಪ್ಯಾಕಿಂಗ್ ಘಟಕವೊಂದರಲ್ಲಿ ಪಾಳಿಯ ಕೆಲಸ. ಅವಳ ಸಾಲಿನಲ್ಲಿ ಕೆಲಸ ಮಾಡುವ ಹೆಂಗಸರಿಗೆಲ್ಲ ಗಾಡಿ ಕಲಿಯುವ ಆಸೆ. ಗಂಡನೋ ಮೈದುನನೋ ಬೀದಿಯಲ್ಲಿ ಬೈದು ಕಲಿಸುವ ರೀತಿಗೆ ಬೇಸತ್ತು ಬಿಟ್ಟವರೇ ಹೆಚ್ಚು. ಅದಕ್ಕೆ ಅವಳ ಘಟಕದವರು, ನೀನು ಬೋಧಕಿಯಾಗಿ ಪಾಸಾಗಿ ಬಾ, ನಮ್ಮ ಹೆಂಗಸರಿಗೆ ನೀನೇ ಕಲಿಸುವೆಯಂತೆ, ಆಮೇಲೆ ನಿನಗೆ ಬರೀ ಹಗಲು ಪಾಳಿ, ಎಂದಿದ್ದರು.

"ಹಗಲು ಪಾಳಿ ಸಿಕ್ರೆ ಸಾಕಕ್ಕ. ಸಾಯಂಕಾಲ ಮಗಳು ಸ್ಕೂಲಿಂದ ಬರೋ ಒತ್ಗೆ ಮನೇಲಿ ದೀಪ ಅಚ್ಚೋಕೆ ನಾನಿರ್ತೀನಿ. ಈಗ ಬೀಗ ತಗ್ದು ಅದೇ ಒಳೀಕೆ ಓಗ್ತದೆ, ಕತ್ಲಲ್ಲಿ ಸ್ವಿಚ್ಚು ತಡಕಾಡ್ಕಂಡು" ಎಂದಳು. ಈ ಮಾತು ನನ್ನ ಎದೆಗೆ ಹೋಗಿ ಕೂತಿತು. ದೀಪದ ವಿಷಯ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅವಳ ಮೊದಲ ಪರೀಕ್ಷೆಯಲ್ಲಿ ಕಲಿಯುವವಳು ನಾನೇ. ಎಷ್ಟು ಚೆನ್ನಾಗಿ ಹೇಳಿಕೊಡುತ್ತಿದ್ದಳು ಎಂದರೆ, ನಾನು ಮೈಮರೆತು ಅರ್ಧ ಮೈದಾನ ದಾಟಿದೆ. ಅಲ್ಲಿ ಗಾಡಿ ಸ್ವಲ್ಪ ವಾಲಿತು. ಪರಿಚಯದವಳು, ಪಕ್ಕದಲ್ಲೇ ಓಡಿ ಬರುತ್ತಿದ್ದಾಳೆ, ಬಾಯಿ ತಡೆಯಲಿಲ್ಲ. "ಹಿಡ್ಕೊಳ್ಳೇ ಮಂಜು!" ಎಂದು ಕೂಗಿಬಿಟ್ಟೆ. ಅವಳು ಹಿಡಿದುಬಿಟ್ಟಳು. ಅಷ್ಟೇ, ಸೀಟಿ ಕೇಳಿಸಿತು. ಊದಿದವರು ನಮ್ಮ ಮನೆಯವರೇ. ನಿಯಮ ಎಂದರೆ ನಿಯಮ, ಅದರಲ್ಲಿ ಹೆಂಡತಿ, ಬೀದಿಯವಳು ಎಂಬುದಿಲ್ಲ.

ಇನ್ನೊಂದು ಅವಕಾಶವಿತ್ತು. ಅದೂ ತಪ್ಪಿದರೆ ಮುಂದಿನ ತಂಡಕ್ಕೆ ಕಾಯಬೇಕು. ಅಷ್ಟರಲ್ಲಿ ಆ ಹಗಲು ಪಾಳಿ ಬೇರೆಯವರ ಪಾಲು. ಮಂಜುಳ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಅದರ ಬದಲು, "ನಿಮ್ಗೆ ಏಟಾಗ್ಲಿಲ್ಲ ಅಲ್ವಾ ಅಕ್ಕ, ಅಷ್ಟು ಸಾಕು" ಎಂದಳು. ನಾನು ನಮ್ಮ ಬೀದಿಯ ತುದಿಯ ಆಂಜನೇಯನಿಗೆ ವಡೆಮಾಲೆ ಹರಕೆ ಹೊತ್ತೆ. ಜೊತೆಗೆ ಒಂದು ನಿರ್ಧಾರ ಮಾಡಿದೆ. ಎರಡನೆಯ ಸಲ ನಾನು ಕೂಗುವುದಿಲ್ಲ, ವಾಲುವುದಿಲ್ಲ, ತುಂಬಾ ಒಳ್ಳೆಯ ವಿದ್ಯಾರ್ಥಿನಿಯಾಗಿ ಅವಳು ಹೇಳಿದಂತೆ ಹೋಗಿ ನಿಲ್ಲುತ್ತೇನೆ. ಒಳ್ಳೆಯದನ್ನು ಮಾಡಲು ಹೊರಟಾಗಲೇ ನಾನು ಹೆಚ್ಚು ಅನಾಹುತ ಮಾಡುವುದು ಎಂಬುದು ಆಗ ನೆನಪಾಗಲಿಲ್ಲ.

ಪರೀಕ್ಷೆಗೆ ಬಂದವರು ಹೊಸಬರು. ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಮಂಜುಳ ಕೈಗಳನ್ನು ಹಿಂದೆ ಕಟ್ಟಿಕೊಂಡು, ಎರಡೂ ಕೈಯಲ್ಲಿ ತನ್ನದೇ ದುಪಟ್ಟಾದ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಳು, ತಪ್ಪಿಯೂ ಮುಂದೆ ಬರಬಾರದು ಎಂದು. ಶುರು ಮಾಡುವುದನ್ನು ಹೇಳಿದಳು, ಮಾಡಿದೆ. ನಿಧಾನ ಹೋಗುವುದನ್ನು ಹೇಳಿದಳು, ಹೋದೆ. ಬ್ರೇಕಿನ ಪಾಠ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಪಕ್ಕದ ಘಟಕದ ಟೆಂಪೋದಿಂದ ಖಾಲಿ ನೀಲಿ ಡ್ರಮ್ಮೊಂದು ಜಾರಿ ಬಿದ್ದು, ತೆರೆದ ಗೇಟಿನಿಂದ ಉರುಳಿಕೊಂಡು ನೇರ ನನ್ನ ದಾರಿಗೆ ಬಂತು.

ಆಮೇಲೆ ಆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಕೈಕಾಲು ಹೊಣೆ. ಆಕ್ಸಿಲರೇಟರು ಬಿಟ್ಟೆ. ಕೈ ಬ್ರೇಕು, ಕಾಲು ಬ್ರೇಕು ಎರಡನ್ನೂ ಒಟ್ಟಿಗೆ, ಮೆತ್ತಗೆ ಒತ್ತಿದೆ. ಕ್ಲಚ್ಚು ಹಿಡಿದೆ. ಎಡಗಾಲು ನೆಲಕ್ಕಿಟ್ಟೆ. ಡ್ರಮ್ಮು ಗಾಡಿಯ ಮುಂದೆಯೇ ಗಡಗಡ ಎನ್ನುತ್ತಾ ಹಾದುಹೋಯಿತು. ಇಷ್ಟಕ್ಕೆ ನಿಲ್ಲಿಸಿದ್ದರೆ ಎಲ್ಲವನ್ನೂ ಆಂಜನೇಯನ ಮೇಲೆ ಹಾಕಬಹುದಿತ್ತು. ನಾನು ಆಮೇಲೆ ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು, ಭುಜದ ಮೇಲಿಂದ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿ, ಮತ್ತೆ ಗೇರು ಹಾಕಿ ಹೊರಡಲು ಸಿದ್ಧಳಾದೆ.

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು.

"ಅಮ್ಮಾ, ನಿಮಗೆ ಗಾಡಿ ಬರುತ್ತೆ."

"ಇಲ್ಲ ಸಾರ್" ಎಂದೆ. ನಾಲಿಗೆಗೆ ಅಷ್ಟು ರೂಢಿಯಾಗಿತ್ತು.

"ಬ್ರೇಕ್ ಇನ್ನೂ ಹೇಳ್ಕೊಟ್ಟಿರಲಿಲ್ಲ. ಎರಡು ಬ್ರೇಕೂ ಒಟ್ಟಿಗೆ ಹಾಕಬೇಕು ಅಂತ ಯಾರು ಹೇಳಿದ್ದು?"

"ಒಬ್ಬರಲ್ಲ ಸಾರ್, ಬಂದವರೆಲ್ಲ ಹೇಳಿದಾರೆ" ಎಂದೆ. ಹೇಳಿದ ಮೇಲೆ ಎಲ್ಲವೂ ಹೊರಗೆ ಬಂತು. ಬಂದವರೆಲ್ಲ ನನ್ನ ಮೇಲೆಯೇ ಕಲಿಸಿದ್ದು, ನಾನು ಹೇಳಿದಷ್ಟೇ ಮಾಡುತ್ತಿದ್ದದ್ದು.

"ಹಾಗಾದ್ರೆ ಆಗೆಲ್ಲ ಬಿದ್ದಿದ್ದು?"

"ಅದು ನಿಜವಾಗ್ಲೂ ಬಿದ್ದಿದ್ದು ಸಾರ್. ಬೇಕಾದ್ರೆ ಬೇಲಿ ನೋಡಿ, ಬಗ್ಗಿದೆ."

ಪರೀಕ್ಷಕರಿಗೆ ನಗು ಬಂದದ್ದು ಕಂಡಿತು, ನುಂಗಿಕೊಂಡರು. "ಹಿಂದಿನದು ಇರಲಿ. ಇವತ್ತಿನ ವಿಷಯ ಹೇಳ್ತೀನಿ. ಗಾಡಿ ಬರೋರಿಗೆ ಕಲಿಸಿದ್ರೆ ಅದು ಪರೀಕ್ಷೆ ಆಗಲ್ಲ. ಗಾಡಿ ಬಾರದವರು ಇನ್ಯಾರಾದ್ರೂ ಇದಾರಾ? ಇಲ್ಲಾಂದ್ರೆ ಈ ಹುಡುಗಿಯ ಇವತ್ತಿನ ಅವಕಾಶ ಮುಗೀತು. ಸಂಜೆ ರೈಲಿಗೆ ನಾನು ಹೊರಡಬೇಕು."

ಮಂಜುಳ ದುಪಟ್ಟಾ ಹಿಡಿದ ಕೈ ಬಿಡಿಸದೆ ನೆಲ ನೋಡುತ್ತಾ ನಿಂತಿದ್ದಳು. ಡ್ರಮ್ಮು ತೆಗೆದುಕೊಳ್ಳಲು ಬಂದಿದ್ದ ಟೆಂಪೋದವನನ್ನು ಕೇಳಿದ್ದಾಯಿತು. "ನಾನು ಲಾರೀನೇ ಓಡಿಸ್ತೀನಿ ಗುರು" ಎಂದ. ಸೆಕ್ಯುರಿಟಿಯವನನ್ನು ಕೇಳಿದ್ದಾಯಿತು, ಅವನಿಗೂ ಬರುತ್ತಿತ್ತು. ನಾನು ಗಾಡಿಯ ಮೇಲೆ ಕೂತೇ ನಮ್ಮ ಮನೆಯವರ ಕಡೆ ನೋಡಿದೆ. ಅವರು ಗೂಟಗಳ ಕಡೆ ನೋಡುತ್ತಿದ್ದರು. ಎಲ್ಲ ಗೂಟಗಳೂ ನೆಟ್ಟಗೇ ಇದ್ದವು, ಆದರೂ ಒಂದನ್ನು ಸರಿ ಮಾಡಿದರು. ಇನ್ನೊಂದನ್ನು ಸರಿ ಮಾಡಿದರು. ಆ ಮೈದಾನದಲ್ಲಿ ಒಂದು ವಿಷಯ ಗೊತ್ತಿದ್ದವರು ನಾವಿಬ್ಬರೇ. ಹೇಳಿಬಿಡಲೇ ಎಂದು ಬಾಯಿ ತೆರೆದೆ. ಸೀಟಿ ಹಾಕಿಕೊಂಡು ನಿಂತ ಗಂಡನ ಮಾನವೋ, ಆ ಹುಡುಗಿಯ ಮನೆಯ ಸಂಜೆ ದೀಪವೋ? ತೆರೆದ ಬಾಯಿ ತೆರೆದೇ ಇತ್ತು.

ಅಷ್ಟರಲ್ಲಿ ಇವರು ನಿಧಾನವಾಗಿ ನಡೆದು ಬಂದು, ಕೊರಳಿನ ಸೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಪರೀಕ್ಷಕರ ಕಡೆ ತಿರುಗಿ, "ನನಗೆ ಬರಲ್ಲ ಸಾರ್" ಎಂದರು.

"ನಿಮಗಾ?"

"ಕೆಲಸ ಕೊಟ್ಟವರಿಗೆ ಹೇಳಿದ್ದೆ ಸಾರ್. ನಿಮಗ್ಯಾಕೆ, ನೀವು ನಡೆಸೋರು ಅಂದ್ರು. ಆಮೇಲೆ ಯಾರೂ ಕೇಳಲಿಲ್ಲ. ನಾನು ಫ್ಯಾಕ್ಟರಿ ಬಸ್ಸಲ್ಲೇ ಓಡಾಡ್ತಿದ್ದೆ."

ಅಂಥ ನಿಜವನ್ನು ಅಷ್ಟು ಜನರ ಮುಂದೆ ಹೇಳುವಾಗ ಇವರ ಕಿವಿ ಕೆಂಪಾಗಿತ್ತು. ನನಗೆ ಇವರ ಮೇಲೆ ಆ ಕ್ಷಣ ಬಂದ ಪ್ರೀತಿಯನ್ನು ಇಲ್ಲಿ ಬರೆದರೆ ಓದಿ ಬೈಯುತ್ತಾರೆ, ಆದ್ದರಿಂದ ಬಿಡುತ್ತೇನೆ.

ಇವರು ಗಾಡಿ ಹತ್ತಿದರು. ಹತ್ತಿದವರೇ ಶುರು ಮಾಡಿದರು. ಕ್ಲಚ್ಚನ್ನು ಯಾವ ಹಂತದಲ್ಲಿ ಎಷ್ಟು ಬಿಡಬೇಕು, ನೋಟ ಎಷ್ಟು ದೂರವಿರಬೇಕು, ಎಲ್ಲವನ್ನೂ ಪಾಠ ಒಪ್ಪಿಸುವ ಹಾಗೆ ಒಪ್ಪಿಸುತ್ತಲೇ ಗಾಡಿಯನ್ನು ಗಕ್ಕನೆ ಮುಗ್ಗರಿಸಿ ನಿಲ್ಲಿಸಿದರು. ಮತ್ತೆ ಶುರು, ಮತ್ತೆ ಮುಗ್ಗರಿಕೆ.

"ಸಾರ್," ಎಂದಳು ಮಂಜುಳ, "ಬೇಜಾರು ಮಾಡ್ಕಬ್ಯಾಡಿ. ನಿಮ್ಗೆ ಗೊತ್ತಿರೋದ್ನೆಲ್ಲ ಒಂದ್ ಗಳ್ಗೆ ಆ ಶೆಡ್ಡಲ್ಲಿ ಮೇಜಿನ ಮ್ಯಾಲೆ ಇಟ್ಟಿದೀನಿ ಅಂದ್ಕಳಿ. ಆಮೇಲೆ ತಗಳ್ಳಿ, ಯಾರೂ ಮುಟ್ಟಲ್ಲ. ಈಗ ಎದ್ರುಗೆ ಏನ್ ಕಾಣ್ತದೆ?"

"ಗೋಡೆ."

"ಗೋಡೆ ಆಚೆಗೆ?"

"ನೀರಿನ ಟ್ಯಾಂಕು."

"ಅದ್ನೇ ನೋಡ್ತಾ ಇರಿ. ಎಡಗೈನ ನಿಧಾನಕ್ಕೆ ಬಿಡಿ, ಮಲಗಿರೋ ಮಗೀನ ಕೈಯಿಂದ ಕೈ ಬಿಡಿಸ್ಕಳ್ಳೋ ಅಂಗೆ."

ಗಾಡಿ ಹೊರಟಿತು. ಅಲ್ಲಾಡಿಕೊಂಡು, ನರಳಿಕೊಂಡು, ಆದರೂ ಹೊರಟಿತು. ಅರ್ಧ ಮೈದಾನದಲ್ಲಿ, ನಾನು ವಾಲಿದ ಜಾಗದಲ್ಲೇ, ಇವರೂ ವಾಲಿದರು. "ಹಿಡ್ಕೊಳ್ಳಮ್ಮಾ!" ಎಂದು ಕೂಗಿದರು. ರಾಜ್ಯಕ್ಕೆಲ್ಲ ಮುಟ್ಟಬಾರದು ಎಂದು ನಿಯಮ ಮಾಡಿದ ಬಾಯಿ ಅದು. ಮಂಜುಳಳ ಕೈ ದುಪಟ್ಟಾ ಬಿಡಲಿಲ್ಲ. ಆದರೆ ನಾನು ಯಾವಾಗ ಓಡಿದೆನೋ ತಿಳಿಯದು. ಹೆಲ್ಮೆಟ್ಟಿನಲ್ಲೇ, ಸೀಟಿ ಹಿಡಿದುಕೊಂಡೇ ಓಡಿ ಹೋಗಿ, ಗಾಡಿಯ ಹಿಂದಿನ ಕಂಬಿಗೆ ಕೈ ಹಾಕಲು ಬಾಗಿದೆ.

"ಅಕ್ಕ, ಬಿಡಿ" ಎಂದಳು ಮಂಜುಳ. ಕೂಗಲಿಲ್ಲ. "ಬೀಳಲ್ಲ ಅವ್ರು. ಸಾರ್, ಟ್ಯಾಂಕು."

ನನ್ನ ಕೈ ತಾನಾಗಿ ನಿಂತಿತು. ಇವರ ಕತ್ತು ತಾನಾಗಿ ಮೇಲೆದ್ದಿತು. ಗಾಡಿ ನೆಟ್ಟಗಾಯಿತು. ಆ ತುದಿಗೆ ಹೋಗಿ, ಅವಳು ಹೇಳಿದಂತೆ ಎರಡೂ ಬ್ರೇಕು ಒತ್ತಿ, ಎಡಗಾಲು ನೆಲಕ್ಕಿಟ್ಟು ನಿಂತರು. ನಿಂತ ಮೇಲೂ ಸ್ವಲ್ಪ ಹೊತ್ತು ಟ್ಯಾಂಕನ್ನೇ ನೋಡುತ್ತಿದ್ದರು.

ಪರೀಕ್ಷಕರು ಪೆನ್ನು ತೆಗೆದರು. "ಗಾಡಿ ಬಾರದೋರನ್ನ ಬಾಯಲ್ಲೇ ಓಡಿಸಿದಳು. ಹಿಡಿಯೋಕೆ ಬಂದೋರನ್ನ ಬಾಯಲ್ಲೇ ಬಿಡಿಸಿದಳು. ಎರಡನೇದು ಕಷ್ಟ" ಎಂದರು, ನನ್ನ ಕಡೆ ನೋಡುತ್ತಾ. ಮಂಜುಳ ಪಾಸು. ಅವಳು ದುಪಟ್ಟಾ ಬಿಟ್ಟಾಗ ಅದು ಹಿಂಡಿ ಹಾಕಿದ ಬಟ್ಟೆಯಂತೆ ಸುರುಟಿಕೊಂಡಿತ್ತು.

ಈಗ ಅವಳಿಗೆ ಹಗಲು ಪಾಳಿ. ಸಂಜೆ ನಮ್ಮ ಹಿತ್ತಲಿಗೆ ಹೋದರೆ ಅವಳ ಮನೆಯ ಕಿಟಕಿಯಲ್ಲಿ ದೀಪ ಕಾಣುತ್ತದೆ, ನಾನು ನಿಂತಲ್ಲೇ ಕೈ ಮುಗಿಯುತ್ತೇನೆ. ವಡೆಮಾಲೆ ಹರಕೆಯೂ ತೀರಿತು. ನನ್ನ ಹುದ್ದೆ ಮಾತ್ರ ಹೋಯಿತು. ಇವರು ಗಾಡಿ ಬಾರದವರನ್ನು ಹುಡುಕಿಕೊಂಡು ಮದುವೆ, ಮುಂಜಿ, ನಾಮಕರಣಕ್ಕೆ ಹೋದಲ್ಲೆಲ್ಲ ಹೆಂಗಸರ ಪಂಕ್ತಿಯಲ್ಲಿ ವಿಚಾರಿಸಿ ಬೈಸಿಕೊಳ್ಳುತ್ತಿದ್ದಾರೆ. ಮಂಜುಳಳ ಹತ್ತಿರ ಕ್ರಮವಾಗಿ ಕಲಿತು ಲೈಸೆನ್ಸು ಪಡೆದರು. ಪ್ರತಿ ಶನಿವಾರ ನನ್ನನ್ನು ಹಿಂದೆ ಕೂರಿಸಿಕೊಂಡು ಆಂಜನೇಯನ ಗುಡಿಗೆ ಹೋಗುತ್ತಾರೆ. ಗುಡಿ ಬೀದಿಯ ತುದಿಯಲ್ಲೇ ಇದ್ದರೂ ದೂರದ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಹಿಂದೆ ಕೂತು ನಾನು ಕಣ್ಣು ಮುಚ್ಚಿ ನಾಮ ಹೇಳುತ್ತೇನೆ, ಆದರೆ ತಿರುವು ಬಂದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ.

"ಹಿಂದೆ ಏನು ಒದೀತಿದೀಯಾ?" ಎನ್ನುತ್ತಾರೆ.

"ಏನಿಲ್ಲಾರೀ, ಕಾಲು ಜೋಮು" ಎನ್ನುತ್ತೇನೆ.

ತೊಂದರೆಯಾಗಿರುವುದು ಬೆಳಗಿನ ಹೊತ್ತು. ದೀಪ ಹಚ್ಚಿ, "ನನಗೆ ಏನೂ ಬರುವುದಿಲ್ಲ ತಂದೆ" ಎನ್ನಲು ಹೋದರೆ ಆ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದ ಹಾಗಾಗುತ್ತದೆ. ದೇವರೂ ಹಾಗೇ ನೋಡುತ್ತಿದ್ದರೆ? ಅದಕ್ಕೇ ಈಗ ಮಾತನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ನೀನೇ ನಡೆಸು ತಂದೆ, ಬ್ರೇಕು ಮಾತ್ರ ನಾನು ನೋಡಿಕೊಳ್ಳುತ್ತೇನೆ, ಎನ್ನುತ್ತೇನೆ.